ರೂಪಾಯಿಗೆ ಆರು ಪೈಸೆ: ನಮ್ಮ ಸಾರ್ವಜನಿಕ ಗ್ರಂಥಾಲಯಗಳ ಕಥೆ



ಗ್ರಂಥಾಲಯಗಳನ್ನು ಕುರಿತ ನಮ್ಮ ಸಂವಾದ ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ಕೆಲವು ತಿಂಗಳ ಹಿಂದೆ ಜಿಲ್ಲಾ ಕೇಂದ್ರವೊಂದರ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿದ್ದೆ. ಬೆಳಗಿನ ಎಂಟೂವರೆಯ ಸಮಯ. ಬಾಗಿಲು ತೆರೆಯುವ ಮೊದಲೇ ಅಂಗಳದಲ್ಲಿ ನಲವತ್ತು ಐವತ್ತು ಮಂದಿ ಯುವಕ ಯುವತಿಯರು ಕಾದು ನಿಂತಿದ್ದರು. ಬಾಗಿಲು ತೆರೆದ ಐದೇ ನಿಮಿಷದಲ್ಲಿ ವಾಚನಾಲಯದ ಒಂದು ಕುರ್ಚಿಯೂ ಖಾಲಿ ಉಳಿಯಲಿಲ್ಲ. “ಓದುವವರೇ ಇಲ್ಲ ಅಂತ ಹೇಳುತ್ತಾರಲ್ಲ, ಬಂದು ನೋಡಲಿ ಸಾರ್” ಎಂದು ನಮ್ಮ ಛಾಯಾಗ್ರಾಹಕರು ಉತ್ಸಾಹದಿಂದ ಕ್ಯಾಮೆರಾ ಹೆಗಲಿಗೇರಿಸಿದರು.

ಆದರೆ ಕ್ಯಾಮೆರಾ ಮೇಜಿನ ಹತ್ತಿರ ಹೋದಂತೆ ಬೇರೊಂದು ಸಂಗತಿ ಕಾಣತೊಡಗಿತು. ಮೇಜಿನ ಮೇಲೆ ತೆರೆದಿದ್ದ ಪುಸ್ತಕಗಳಲ್ಲಿ ಹೆಚ್ಚಿನವು ಗ್ರಂಥಾಲಯದವಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳು, ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಪ್ರತಿಗಳು, ಟಿಪ್ಪಣಿ ಪುಸ್ತಕಗಳು. ಎಲ್ಲವನ್ನೂ ಅವರವರೇ ಚೀಲದಲ್ಲಿ ತಂದಿದ್ದರು. ಪಕ್ಕದ ಕೋಣೆಯಲ್ಲಿ ಗೋಡೆಯಿಂದ ಗೋಡೆಯವರೆಗೆ ಪುಸ್ತಕದ ಕಪಾಟುಗಳು. ಅಲ್ಲಿ ಒಬ್ಬರೂ ಇರಲಿಲ್ಲ. ನಾವು ದೀಪ ಹಾಕಿ ಆ ಕೋಣೆಯನ್ನು ಚಿತ್ರೀಕರಿಸುತ್ತಿದ್ದಾಗ ಒಬ್ಬ ಹುಡುಗಿ ಬಾಗಿಲ ಬಳಿ ಬಂದು ನಿಂತಳು. ಪದವಿ ಮುಗಿಸಿ ಎರಡು ವರ್ಷದಿಂದ ದಿನವೂ ಇಲ್ಲಿಗೆ ಬರುತ್ತಾಳಂತೆ. ಸ್ವಲ್ಪ ಹಿಂಜರಿಯುತ್ತ ಕೇಳಿದಳು: “ಸಾರ್, ಈ ರೂಮಿಗೆ ನಾವೂ ಬರಬಹುದಾ?”

ಆ ಬಾಗಿಲಲ್ಲಿ ಅವಳನ್ನು ತಡೆಯುವವರು ಯಾರೂ ಇರಲಿಲ್ಲ. ಆದರೆ ‘ಬಾ’ ಎನ್ನುವವರೂ ಇರಲಿಲ್ಲ.

ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿಯಿತು. ಏಕೆಂದರೆ ನಮ್ಮ ನಾಡಿನ ಗ್ರಂಥಾಲಯಗಳ ಇತಿಹಾಸವೆಲ್ಲ ಒಂದು ರೀತಿಯಲ್ಲಿ ಇದೇ ಪ್ರಶ್ನೆಯ ಇತಿಹಾಸ. ಪುಸ್ತಕವಿರುವ ಕೋಣೆಯೊಳಗೆ ಯಾರು ಬರಬಹುದು? ಯಾರ ಅನುಮತಿಯಿಂದ? ಯಾರ ಖರ್ಚಿನಲ್ಲಿ? ಈ ಮೂರು ಪ್ರಶ್ನೆಗಳನ್ನು ಹಿಡಿದು ಸ್ವಲ್ಪ ಹಿಂದಕ್ಕೆ ಹೋಗೋಣ.

ದರ್ಶನಕ್ಕೆ ಉಂಟು, ಓದಿಗಿಲ್ಲ

ನಮ್ಮಲ್ಲಿ ಪುಸ್ತಕಗಳಿಗೆ ಎಂದೂ ಕೊರತೆ ಇರಲಿಲ್ಲ. ಮಠಗಳಲ್ಲಿ, ಬಸದಿಗಳಲ್ಲಿ, ಪಂಡಿತರ ಮನೆಯ ಅಟ್ಟಗಳಲ್ಲಿ ಓಲೆಗರಿಯ ಕಟ್ಟುಗಳು ತಲೆಮಾರುಗಳಿಂದ ಉಳಿದುಬಂದಿದ್ದವು. ಮೂಡಬಿದಿರೆಯ ಉದಾಹರಣೆಯನ್ನೇ ನೋಡಿ. ಜೈನ ಆಗಮ ಸಾಹಿತ್ಯದ ಮಹಾಗ್ರಂಥಗಳಾದ ಧವಲ, ಜಯಧವಲ, ಮಹಾಧವಲಗಳ ಓಲೆಗರಿ ಪ್ರತಿಗಳು ಅಲ್ಲಿನ ಬಸದಿಯಲ್ಲಿ ಭದ್ರವಾಗಿದ್ದವು. ಭಾಷೆ ಪ್ರಾಕೃತ, ಸಂಸ್ಕೃತ. ಲಿಪಿ ಮಾತ್ರ ಹಳೆಯ ಕನ್ನಡದ್ದು. ಶತಮಾನಗಳ ಕಾಲ ಭಕ್ತರು ದೂರದೂರದಿಂದ ಬಂದು ಆ ಗ್ರಂಥಗಳ ದರ್ಶನ ಪಡೆದು ಹೋಗುತ್ತಿದ್ದರು. ಓದುವುದಕ್ಕಲ್ಲ, ನೋಡಿ ಕೈಮುಗಿಯುವುದಕ್ಕೆ. ಅವು ಪ್ರತಿಯಾಗಿ, ಅಚ್ಚಾಗಿ ಹೊರಗಿನ ಓದುಗರ ಕೈಸೇರಿದ್ದು 20ನೆಯ ಶತಮಾನದಲ್ಲಿ.

ಕಾಪಾಡಿದವರನ್ನು ನಾವು ಹಳಿಯಬಾರದು. ಮಳೆ, ಗೆದ್ದಲು, ಯುದ್ಧಗಳ ನಡುವೆ ಆ ಗರಿಗಳು ಉಳಿದದ್ದೇ ಅವರ ಶ್ರದ್ಧೆಯಿಂದ. ಆದರೆ ಕಾಪಾಡುವುದು ಬೇರೆ, ಹಂಚುವುದು ಬೇರೆ. ಗ್ರಂಥಭಂಡಾರಕ್ಕೂ ಗ್ರಂಥಾಲಯಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ.

ಈ ಎರಡರ ನಡುವಿನ ಸೇತುವೆಯಂತೆ 1891ರಲ್ಲಿ ಮೈಸೂರಿನಲ್ಲಿ ಒಂದು ಸಂಸ್ಥೆ ಹುಟ್ಟಿತು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿ ಅದು. ಇಂದು ಅದನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯ ಎಂದು ಕರೆಯುತ್ತೇವೆ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಓಲೆಗರಿಯ ಕಟ್ಟೊಂದನ್ನು ತಂದು ಈ ಲೈಬ್ರರಿಗೆ ಒಪ್ಪಿಸಿದರು. ಗ್ರಂಥ ಲಿಪಿಯಲ್ಲಿದ್ದ ಆ ಕಟ್ಟನ್ನು 1905ರಲ್ಲಿ ಅಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದಾಗ, ಕಳೆದೇಹೋಗಿದೆ ಎಂದು ವಿದ್ವಾಂಸರು ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಬೆಳಕಿಗೆ ಬಂತು. 1909ರಲ್ಲಿ ಅದು ಅಚ್ಚಾಯಿತು. ಪ್ರಾಚೀನ ಭಾರತದ ರಾಜ್ಯಾಡಳಿತವನ್ನು ಕುರಿತು ಜಗತ್ತಿಗಿದ್ದ ತಿಳಿವಳಿಕೆಯೇ ಬದಲಾಯಿತು.

ಈ ಘಟನೆಯನ್ನು ನೀವು ಪಠ್ಯಪುಸ್ತಕದಲ್ಲಿ ಓದಿರಬಹುದು. ಆದರೆ ಒಂದು ಅಂಶವನ್ನು ಗಮನಿಸಿ. ಆ ಪಂಡಿತರ ಮನೆಯಲ್ಲಿಯೂ ಅದೇ ಕಟ್ಟು ಇತ್ತು. ಅಲ್ಲಿದ್ದಾಗ ಅದು ಒಂದು ಮನೆತನದ ಆಸ್ತಿ. ಲೈಬ್ರರಿಗೆ ಬಂದಾಗ ಅದು ಲೋಕದ ಆಸ್ತಿ. ಗರಿ ಅದೇ, ಅಕ್ಷರ ಅದೇ. ಇಟ್ಟ ಜಾಗ ಮಾತ್ರ ಬೇರೆ.

ಪೆಟ್ಟಿಗೆಯಲ್ಲಿ, ಎತ್ತಿನ ಗಾಡಿಯಲ್ಲಿ

ಪಂಡಿತರ ಮಾತಾಯಿತು. ಸಾಮಾನ್ಯ ಜನರ ಗತಿಯೇನು? ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ ಮೊದಲಿಗರಲ್ಲಿ ಬರೋಡದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಒಬ್ಬರು. ತಮ್ಮ ಸಂಸ್ಥಾನದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಜಾರಿಗೆ ತಂದ ಈ ದೊರೆಗೆ, ಶಾಲೆ ಬಿಟ್ಟ ಮಗು ಓದಲು ಏನೂ ಸಿಗದಿದ್ದರೆ ಕಲಿತ ಅಕ್ಷರವನ್ನೂ ಮರೆಯುತ್ತದೆ ಎಂಬುದು ಮನವರಿಕೆಯಾಗಿತ್ತು. ಅಮೆರಿಕದ ಗ್ರಂಥಾಲಯಗಳನ್ನು ಕಂಡುಬಂದಿದ್ದ ಅವರು 1910ರಲ್ಲಿ ಅಲ್ಲಿಂದ ವಿಲಿಯಂ ಬೋರ್ಡನ್ ಎಂಬ ತಜ್ಞರನ್ನು ಕರೆಸಿ, ನಗರದಲ್ಲಿ ಕೇಂದ್ರ ಗ್ರಂಥಾಲಯ, ಊರುಗಳಲ್ಲಿ ಶಾಖೆಗಳು, ಅವೂ ಇಲ್ಲದ ಹಳ್ಳಿಗಳಿಗೆ ಮರದ ಪೆಟ್ಟಿಗೆಯಲ್ಲಿ ಸಂಚರಿಸುವ ಪುಸ್ತಕಗಳು ಎಂಬ ವ್ಯವಸ್ಥೆಯನ್ನು ಕಟ್ಟಿದರು. ಒಂದು ಊರಿನವರು ಓದಿ ಮುಗಿಸಿದ ಪೆಟ್ಟಿಗೆ ಮುಂದಿನ ಊರಿಗೆ ಹೋಗುತ್ತಿತ್ತು.

ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಕೈಗಾರಿಕೆ, ಬ್ಯಾಂಕು, ವಿಶ್ವವಿದ್ಯಾನಿಲಯಗಳ ಜೊತೆಯಲ್ಲಿಯೇ ಗ್ರಂಥಾಲಯವನ್ನೂ ಪ್ರಗತಿಯ ಸಾಧನವೆಂದು ಎಣಿಸಿದ್ದರು. ಬೆಂಗಳೂರಿನ ಸಾರ್ವಜನಿಕ ಗ್ರಂಥಾಲಯ ಆರಂಭವಾದದ್ದು ಅವರ ಕಾಲದಲ್ಲಿ. ಕಬ್ಬನ್ ಉದ್ಯಾನದಲ್ಲಿ, ಹಿಂದಿನ ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಕಟ್ಟಿದ ಕೆಂಪು ಬಣ್ಣದ ಭವನವಿದೆಯಲ್ಲ, ಅದೇ ಅದರ ಮನೆಯಾಯಿತು. ಇಂದಿಗೂ ರಾಜ್ಯ ಕೇಂದ್ರ ಗ್ರಂಥಾಲಯ ಅಲ್ಲಿಯೇ ಇದೆ. ಬೆಂಗಳೂರಿಗೆ ಪ್ರವಾಸ ಬಂದಾಗ ಆ ಭವನದ ಎದುರು ನಿಂತು ಫೋಟೋ ತೆಗೆಸಿಕೊಳ್ಳುವ ವಿದ್ಯಾರ್ಥಿಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೆಟ್ಟಿಲು ಹತ್ತಿ ಒಳಗೆ ಹೋಗುವವರು ಕಡಿಮೆ.

1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಇನ್ನೊಂದು ಸೊಗಸಾದ ಪ್ರಯೋಗ ನಡೆಯಿತು. ಎತ್ತಿನ ಗಾಡಿಯೊಂದರಲ್ಲಿ ಪುಸ್ತಕಗಳನ್ನು ಹೇರಿಕೊಂಡು ಸುತ್ತಮುತ್ತಲ ಹಳ್ಳಿಗಳಿಗೆ ಹೋಗಿ, ಓದಲು ಬಂದವರಿಗೆ ಓದಿಸಿ, ಓದಲು ಬಾರದವರಿಗೆ ಓದಿಹೇಳುವ ಸಂಚಾರಿ ಗ್ರಂಥಾಲಯ ಅದು. ಈ ಚಳವಳಿಗೆ ಬೆನ್ನೆಲುಬಾಗಿ ನಿಂತವರು ಒಬ್ಬ ಗಣಿತದ ಮೇಷ್ಟ್ರು. ಅವರ ಹೆಸರು ಎಸ್. ಆರ್. ರಂಗನಾಥನ್.

ಗಣಿತದ ಮೇಷ್ಟ್ರ ಐದು ಸೂತ್ರಗಳು

ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ರಂಗನಾಥನ್ ಅವರ ಕಥೆ ವಿಶೇಷವಾಗಿ ಪ್ರಿಯವಾದದ್ದು. 1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ಗಣಿತ ಪಾಠ ಹೇಳುತ್ತಿದ್ದರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಮೊದಲ ಗ್ರಂಥಪಾಲಕರಾಗಿ ನೇಮಕವಾದರು. ಕೆಲಸಕ್ಕೆ ಸೇರಿದ ಕೆಲವೇ ದಿನಗಳಲ್ಲಿ ಅವರಿಗೆ ಬೇಸರ ಹಿಡಿಯಿತು. ತರಗತಿಯ ತುಂಬ ಹುಡುಗರ ನಡುವೆ ಇದ್ದವರಿಗೆ ಆ ನಿಶ್ಶಬ್ದ ಸಹಿಸಲಾಗಲಿಲ್ಲ. ನನ್ನನ್ನು ಮತ್ತೆ ಪಾಠಕ್ಕೇ ಕಳಿಸಿ ಎಂದು ಕೇಳಿಕೊಂಡರು. ಮೊದಲು ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯಗಳನ್ನು ನೋಡಿ ಬನ್ನಿ, ಆಮೇಲೂ ಬೇಡವೆನಿಸಿದರೆ ಮರಳಬಹುದು ಎಂದು ಅವರನ್ನು ಒಪ್ಪಿಸಲಾಯಿತು.

ಇಂಗ್ಲೆಂಡಿನಲ್ಲಿ ಅವರು ಎರಡು ಸಂಗತಿಗಳನ್ನು ಕಂಡರು. ಒಂದು, ಕೂಲಿಕಾರರೂ ಗೃಹಿಣಿಯರೂ ಮಕ್ಕಳೂ ಸಲೀಸಾಗಿ ಬಂದುಹೋಗುವ ಸಾರ್ವಜನಿಕ ಗ್ರಂಥಾಲಯಗಳು. ಇನ್ನೊಂದು, ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಆಟಿಕೆ. ಕೆಲವೇ ಪಟ್ಟಿ, ಮೊಳೆ, ತಿರುಪುಗಳನ್ನು ಬೇರೆಬೇರೆಯಾಗಿ ಜೋಡಿಸಿದರೆ ಬೇರೆಬೇರೆ ಯಂತ್ರಗಳಾಗುವ ಆಟಿಕೆ ಅದು. ವಿಷಯಗಳನ್ನೂ ಹೀಗೆಯೇ ಏಕೆ ಜೋಡಿಸಬಾರದು ಎಂದು ಈ ಗಣಿತಜ್ಞರಿಗೆ ಹೊಳೆಯಿತು. ‘ಭತ್ತದ ಬೆಳೆಗೆ ತಗಲುವ ರೋಗ’ ಎಂಬ ಪುಸ್ತಕಕ್ಕೆ ಸಿದ್ಧವಾದ ಒಂದು ಗೂಡನ್ನು ಹುಡುಕುವ ಬದಲು, ಕೃಷಿ, ಭತ್ತ, ರೋಗ ಎಂಬ ಬಿಡಿಭಾಗಗಳ ಸಂಕೇತಗಳನ್ನು ಜೋಡಿಸಿ ಅದರ ಜಾಗವನ್ನು ನಿರ್ಧರಿಸಬಹುದು. ಈ ಜೋಡಣೆಗೆ ಅವರು ಬಳಸಿದ ಚಿಹ್ನೆ ಕೋಲನ್. ಹೀಗೆ ಹುಟ್ಟಿದ ಕೋಲನ್ ವರ್ಗೀಕರಣ 1933ರಲ್ಲಿ ಪ್ರಕಟವಾಯಿತು. ಪಾಠಕ್ಕೆ ಮರಳುವ ಮಾತನ್ನು ರಂಗನಾಥನ್ ಮತ್ತೆ ಎತ್ತಲಿಲ್ಲ.

ನಿಸರ್ಗವನ್ನು ಕೆಲವೇ ನಿಯಮಗಳಲ್ಲಿ ಹಿಡಿದಿಡುವುದು ವಿಜ್ಞಾನದ ಹಂಬಲ. ನ್ಯೂಟನ್ನನ ಮೂರು ಚಲನ ನಿಯಮಗಳಂತೆ ಗ್ರಂಥಾಲಯಕ್ಕೂ ನಿಯಮಗಳಿರಬೇಕಲ್ಲವೇ ಎಂದು ಯೋಚಿಸಿದ ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಮುಂದಿಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ: ಪುಸ್ತಕವಿರುವುದು ಬಳಸುವುದಕ್ಕಾಗಿ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ವ್ಯರ್ಥವಾಗಬಾರದು, ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ. ಕೇಳಲು ಎಷ್ಟು ಸರಳ! ಆದರೆ ಈ ಐದನ್ನೂ ಪಾಲಿಸುವ ಗ್ರಂಥಾಲಯ ನಿಮ್ಮ ಊರಿನಲ್ಲಿದೆಯೇ ಎಂದು ಪರೀಕ್ಷಿಸಿ ನೋಡಿ. ಸರಳವಾದದ್ದು ಸುಲಭವಲ್ಲ ಎಂಬುದು ತಿಳಿಯುತ್ತದೆ.

ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ನಿಧನರಾದರು. ಅವರ ಜನ್ಮದಿನವೆಂದು ಆಗಸ್ಟ್ 12ನ್ನು ಗ್ರಂಥಪಾಲಕರ ದಿನವನ್ನಾಗಿ ದೇಶದಾದ್ಯಂತ ಆಚರಿಸುತ್ತಾರೆ.

ದಯೆಯಿಂದ ಹಕ್ಕಿನ ಕಡೆಗೆ

ಇದುವರೆಗೆ ನಾನು ಹೇಳಿದ ಗ್ರಂಥಾಲಯಗಳಿಗೆಲ್ಲ ಒಂದು ದೌರ್ಬಲ್ಯವಿತ್ತು. ಅವು ನಡೆದದ್ದು ಒಬ್ಬ ದೊರೆಯ, ಒಬ್ಬ ದಿವಾನರ, ಒಬ್ಬ ದಾನಿಯ ಒಳ್ಳೆಯತನದಿಂದ. ದೊರೆ ಬದಲಾದರೆ, ದಾನಿಯ ಮಕ್ಕಳಿಗೆ ಆಸಕ್ತಿ ಇಲ್ಲದಿದ್ದರೆ ಪುಸ್ತಕಕ್ಕೆ ಧೂಳೇ ಗತಿ. ಇದಕ್ಕೆ ಪರಿಹಾರವೇನು? ರಂಗನಾಥನ್ ಅವರ ಉತ್ತರ ಸ್ಪಷ್ಟವಾಗಿತ್ತು: ಕಾನೂನು. ರಸ್ತೆಗೆ, ಬೀದಿದೀಪಕ್ಕೆ ಹಣ ಬರುವಂತೆ ಗ್ರಂಥಾಲಯಕ್ಕೂ ತೆರಿಗೆಯಿಂದ ಹಣ ಬರಬೇಕು. 1930ರಲ್ಲಿಯೇ ಅವರು ಇದಕ್ಕಾಗಿ ಮಾದರಿ ಮಸೂದೆಯೊಂದನ್ನು ಸಿದ್ಧಪಡಿಸಿದ್ದರು.

ಬ್ರಿಟನ್ನಿನಲ್ಲಿ ಇಂಥ ಕಾಯಿದೆ 1850ರಲ್ಲಿಯೇ ಬಂದಿತ್ತು. ಅದರಲ್ಲಿ ಒಂದು ತಮಾಷೆಯೂ ಇತ್ತು. ಪುರಸಭೆಗಳು ತೆರಿಗೆ ಹಾಕಿ ಗ್ರಂಥಾಲಯದ ಕಟ್ಟಡ ಕಟ್ಟಬಹುದು, ನೌಕರರನ್ನು ಇಡಬಹುದು; ಆದರೆ ಆ ಹಣದಿಂದ ಪುಸ್ತಕ ಕೊಳ್ಳುವಂತಿರಲಿಲ್ಲ! ಪುಸ್ತಕಗಳನ್ನು ಯಾರಾದರೂ ದಾನ ಕೊಡುತ್ತಾರೆ ಎಂಬುದು ಶಾಸನ ಮಾಡಿದವರ ನಿರೀಕ್ಷೆ. ಐದು ವರ್ಷಗಳ ನಂತರ, 1855ರಲ್ಲಿ ಆ ತಪ್ಪನ್ನು ತಿದ್ದಿದರು. ನಗುವ ಮುನ್ನ ನಮ್ಮ ಸ್ಥಿತಿಯನ್ನೂ ನೋಡಿಕೊಳ್ಳೋಣ. ಅದಕ್ಕೆ ಸ್ವಲ್ಪ ಹೊತ್ತಿನಲ್ಲೇ ಬರುತ್ತೇನೆ.

ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1948ರಲ್ಲಿ ಮದರಾಸು ಪ್ರಾಂತದಲ್ಲಿ ಬಂತು. ಹೈದರಾಬಾದು ರಾಜ್ಯದಲ್ಲಿ 1955ರಲ್ಲಿ ಬಂತು. ಮರುವರ್ಷ, 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಆಗ ಒಂದು ವಿಚಿತ್ರ ಪರಿಸ್ಥಿತಿ ಉಂಟಾಯಿತು. ಮದರಾಸಿನಿಂದ ಬಂದ ದಕ್ಷಿಣ ಕನ್ನಡಕ್ಕೆ ಒಂದು ಗ್ರಂಥಾಲಯ ಕಾಯಿದೆ. ಹೈದರಾಬಾದಿನಿಂದ ಬಂದ ಬೀದರ, ಗುಲಬರ್ಗಾ, ರಾಯಚೂರುಗಳಿಗೆ ಇನ್ನೊಂದು ಕಾಯಿದೆ. ಹಳೆಯ ಮೈಸೂರಿಗೆ, ಮುಂಬಯಿ ಪ್ರಾಂತದಿಂದ ಬಂದ ಜಿಲ್ಲೆಗಳಿಗೆ, ಕೊಡಗಿಗೆ ಕಾಯಿದೆಯೇ ಇಲ್ಲ. ನಾಡು ಒಂದು, ಓದುಗನ ಹಕ್ಕು ಮಾತ್ರ ಊರಿಗೊಂದು!

ಈ ಅಸಮಾನತೆಯನ್ನು ನಿವಾರಿಸಿದ್ದು 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ. ಇಂದು ಅದು ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ. 1966ರಲ್ಲಿ ಅದು ಜಾರಿಗೆ ಬಂದು, ಪ್ರತ್ಯೇಕ ಗ್ರಂಥಾಲಯ ಇಲಾಖೆಯೂ ಅಸ್ತಿತ್ವಕ್ಕೆ ಬಂತು. ಈ ಕಾಯಿದೆಯ ಜೀವಾಳ ‘ಗ್ರಂಥಾಲಯ ಕರ’. ನಿಮ್ಮ ಮನೆಯಲ್ಲಿ ನಗರಸಭೆಗೋ ಪಾಲಿಕೆಗೋ ಆಸ್ತಿ ತೆರಿಗೆ ಕಟ್ಟಿದ ರಸೀದಿ ಇದ್ದರೆ ತೆಗೆದು ನೋಡಿ. ತೆರಿಗೆಯ ಜೊತೆಗೆ ಆರೋಗ್ಯ ಕರ, ಭಿಕ್ಷುಕರ ಪುನರ್ವಸತಿಯ ಕರಗಳೊಂದಿಗೆ ಗ್ರಂಥಾಲಯ ಕರವೂ ಕಾಣುತ್ತದೆ. ಅದರ ದರ ಶೇಕಡಾ 6. ಅಂದರೆ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ.

ಇದರ ಅರ್ಥವನ್ನು ಸ್ವಲ್ಪ ಯೋಚಿಸಿ. ಸಾರ್ವಜನಿಕ ಗ್ರಂಥಾಲಯ ಯಾರೋ ನಮಗೆ ಮಾಡಿದ ಉಪಕಾರವಲ್ಲ. ಅದರ ಪುಸ್ತಕಕ್ಕೆ, ಕುರ್ಚಿಗೆ, ದೀಪಕ್ಕೆ ನಿಮ್ಮ ಅಪ್ಪ ಅಮ್ಮ ಈಗಾಗಲೇ ಹಣ ಕೊಟ್ಟಾಗಿದೆ. ಬಾಡಿಗೆ ಮನೆಯಲ್ಲಿದ್ದರೆ ಬಾಡಿಗೆಯ ಮೂಲಕ ಕೊಟ್ಟಿದ್ದಾರೆ. ‘ಈ ಕೋಣೆಗೆ ನಾವೂ ಬರಬಹುದಾ’ ಎಂಬ ಪ್ರಶ್ನೆಗೆ 1965ರಲ್ಲಿಯೇ ಉತ್ತರ ಬರೆದಿಟ್ಟಿದ್ದಾರೆ. ಆ ಉತ್ತರವನ್ನು ನಿಮಗೆ ತಲುಪಿಸಿದವರಿಲ್ಲ, ಅಷ್ಟೇ.

ನನ್ನದೊಂದು ಋಣ

ಇಲ್ಲಿ ಒಂದು ಸ್ವಂತ ಮಾತು ಹೇಳುತ್ತೇನೆ. ನಾನು ಪಿಯುಸಿ ಓದುತ್ತಿದ್ದ ತಾಲ್ಲೂಕು ಕೇಂದ್ರದಲ್ಲಿ ಬಸ್ ನಿಲ್ದಾಣದ ಹಿಂದೆ ಒಂದು ಶಾಖಾ ಗ್ರಂಥಾಲಯವಿತ್ತು. ಹೆಂಚಿನ ಮನೆ, ಎರಡು ಬೆಂಚು, ನಾಲ್ಕು ಕಪಾಟು. ನಮ್ಮೂರಿನ ಬಸ್ಸು ಸಂಜೆ ಆರಕ್ಕೆ. ಕಾಲೇಜು ಬಿಡುತ್ತಿದ್ದುದು ನಾಲ್ಕಕ್ಕೆ. ಆ ಎರಡು ಗಂಟೆ ಕಳೆಯಲು ಬೇರೆ ಜಾಗವಿಲ್ಲದೆ ಅಲ್ಲಿಗೆ ಹೋಗುತ್ತಿದ್ದೆ. ಒಂದು ದಿನ ಗ್ರಂಥಪಾಲಕರು ಏನನ್ನೂ ಕೇಳದೆ ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ಒಂದು ದಪ್ಪ ಸಂಪುಟವನ್ನು ನನ್ನ ಮುಂದಿಟ್ಟು, “ಇದನ್ನು ನೋಡಪ್ಪಾ, ಸೈನ್ಸ್ ಹುಡುಗ ಅಲ್ಲವಾ ನೀನು” ಎಂದರು. ಇಂಗ್ಲಿಷ್ ಪಠ್ಯದಲ್ಲಿ ಬಾಯಿಪಾಠ ಮಾಡುತ್ತಿದ್ದ ಸಂಗತಿಗಳು ಕನ್ನಡದಲ್ಲಿ ಅರ್ಥವಾಗತೊಡಗಿದ್ದು ಅಂದಿನಿಂದ. ವಿಜ್ಞಾನವನ್ನು ನಮ್ಮ ಭಾಷೆಯಲ್ಲಿ ಹೇಳಬಹುದು ಎಂಬ ನಂಬಿಕೆಯೇ ಮುಂದೆ ನನ್ನನ್ನು ದೂರದರ್ಶನದ ವೃತ್ತಿಗೆ ತಂದಿತು.

ನಾನು ಆ ಪುಸ್ತಕವನ್ನು ಹುಡುಕಿಕೊಂಡು ಹೋಗಿರಲಿಲ್ಲ. ಅಂಥ ಪುಸ್ತಕವೊಂದು ಇದೆಯೆಂಬುದೇ ಗೊತ್ತಿರಲಿಲ್ಲ. ಓದುಗನಿಗೆ ಅವನ ಪುಸ್ತಕ, ಪುಸ್ತಕಕ್ಕೆ ಅದರ ಓದುಗ ಎಂಬ ರಂಗನಾಥನ್ನರ ಸೂತ್ರಗಳು ಅಂದು ಆ ಹೆಂಚಿನ ಮನೆಯಲ್ಲಿ ಕೆಲಸ ಮಾಡಿದ್ದವು. ನಡುವೆ ಒಬ್ಬ ಮನುಷ್ಯ ಇದ್ದರು ಎಂಬುದನ್ನು ನೆನಪಿಡಿ.

ಇಂದಿನ ತೊಡಕುಗಳು

ಈಗ ವರ್ತಮಾನಕ್ಕೆ ಬರೋಣ. ಗ್ರಂಥಾಲಯಗಳು ಸೊರಗಲು ಮೊಬೈಲ್ ಫೋನೇ ಕಾರಣ ಎಂದು ಹೇಳಿಬಿಡುವುದು ಸುಲಭ. ಆದರೆ ಪೂರ್ತಿ ನಿಜವಲ್ಲ.

ಮೊದಲನೆಯ ತೊಡಕು ಹಣದ್ದು. ಗ್ರಂಥಾಲಯ ಕರವನ್ನು ವಸೂಲು ಮಾಡುವುದು ಸ್ಥಳೀಯ ಸಂಸ್ಥೆಗಳು. ಬಳಸಬೇಕಾದದ್ದು ಗ್ರಂಥಾಲಯ ಪ್ರಾಧಿಕಾರಗಳು. ಜನರಿಂದ ವಸೂಲಾದ ಕರ ಗ್ರಂಥಾಲಯಕ್ಕೆ ಸಕಾಲದಲ್ಲಿ ಸಂದಾಯವಾಗದೆ ಬಾಕಿ ಉಳಿಯುವುದು ವರ್ಷಗಳಿಂದ ನಡೆದುಬಂದಿದೆ. ಬೆಂಗಳೂರು ನಗರವೊಂದರಲ್ಲಿಯೇ ಈ ಬಾಕಿ ನೂರಾರು ಕೋಟಿ ರೂಪಾಯಿಗಳಷ್ಟಾಗಿ, ಮತ್ತೆ ಮತ್ತೆ ಚರ್ಚೆಗೆ ಬಂದಿದೆ. ನೀರಿನ ಪೈಪು ಮನೆಯವರೆಗೆ ಬಂದು ನಲ್ಲಿಯಲ್ಲಿ ನೀರೇ ಬಾರದಿದ್ದರೆ ಹೇಗೋ ಹಾಗೆ.

ಎರಡನೆಯದು ಜನರ ಕೊರತೆ. ತರಬೇತಿ ಪಡೆದ ಗ್ರಂಥಪಾಲಕರ ಹುದ್ದೆಗಳು ಖಾಲಿ ಬಿದ್ದಾಗ, ಇರುವ ಒಬ್ಬರೇ ಬಾಗಿಲು ತೆರೆಯಬೇಕು, ಪತ್ರಿಕೆ ಜೋಡಿಸಬೇಕು, ಲೆಕ್ಕ ಬರೆಯಬೇಕು. ಹಳ್ಳಿಗಳ ಗ್ರಂಥಾಲಯಗಳನ್ನು ನಡೆಸಿಕೊಂಡು ಬಂದವರು ‘ಮೇಲ್ವಿಚಾರಕ’ರೆಂಬ ದೊಡ್ಡ ಹೆಸರಿನಲ್ಲಿ ಬಹಳ ಕಾಲ ಸಣ್ಣ ಗೌರವಧನಕ್ಕೆ ದುಡಿದವರು. ಇಂಥ ಸ್ಥಿತಿಯಲ್ಲಿ ಓದುಗನ ಮುಖ ನೋಡಿ ಪುಸ್ತಕ ಎತ್ತಿಕೊಡುವಷ್ಟು ಬಿಡುವು ಯಾರಿಗಿದೆ?

ಮೂರನೆಯದು ಪುಸ್ತಕಗಳ ಆಯ್ಕೆ. ಸಗಟು ಖರೀದಿ ಯೋಜನೆಯಲ್ಲಿ ಒಂದೊಂದು ಕನ್ನಡ ಪುಸ್ತಕದ ನೂರಾರು ಪ್ರತಿಗಳನ್ನು ಕೊಂಡು ರಾಜ್ಯದಾದ್ಯಂತ ಹಂಚುತ್ತಾರೆ. ಈ ಯೋಜನೆ ಕನ್ನಡದ ಎಷ್ಟೋ ಪ್ರಕಾಶಕರನ್ನೂ ಲೇಖಕರನ್ನೂ ಬದುಕಿಸಿದೆ ಎಂಬುದು ನಿಜ. ಆದರೆ ಮೇಲಿನಿಂದ ಹಂಚಿಬಂದ ಪುಸ್ತಕಕ್ಕೂ ಆ ಊರಿನ ಓದುಗನ ಅಗತ್ಯಕ್ಕೂ ಹೊಂದಿಕೆಯಾಗದಿದ್ದರೆ ಅದು ಕಟ್ಟು ಬಿಚ್ಚದೆ ಉಳಿಯುತ್ತದೆ. ಅಡಿಕೆ ಬೆಳೆಯುವ ಊರಿಗೂ ನೇಯ್ಗೆಯ ಊರಿಗೂ ಒಂದೇ ಪಟ್ಟಿ ಸಾಕೇ? ಸಗಟು ಖರೀದಿ ವಿಳಂಬವಾದ ವರ್ಷಗಳಲ್ಲಂತೂ ಹೊಸ ಪುಸ್ತಕವೇ ಬರುವುದಿಲ್ಲ. ಕಟ್ಟಡವಿದೆ, ನೌಕರರಿದ್ದಾರೆ, ಪುಸ್ತಕ ಮಾತ್ರ ಇಲ್ಲ. 1850ರ ಬ್ರಿಟಿಷ್ ಕಾಯಿದೆಯನ್ನು ನೋಡಿ ನಗಬೇಡಿ ಎಂದು ಹೇಳಿದ್ದು ಇದಕ್ಕೇ.

ನಾಲ್ಕನೆಯದು, ಗ್ರಂಥಾಲಯವೆಂದರೆ ಕುಳಿತು ಓದುವ ಜಾಗ ಮಾತ್ರ ಎಂಬ ಭಾವನೆ. ಪರೀಕ್ಷೆಗೆ ಓದಲು ಬರುವವರನ್ನು ನಾನು ಹಗುರಾಗಿ ಕಾಣುವುದಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಐದು ಜನ ಇರುವಾಗ, ಮನೆಗೆಲಸದ ನಡುವೆ ಓದಬೇಕಾದ ಹೆಣ್ಣುಮಕ್ಕಳಿಗೆ, ಆ ಒಂದು ಕುರ್ಚಿ ಬದುಕನ್ನೇ ಬದಲಿಸಬಹುದು. ಹೋಟೆಲಿನಲ್ಲಿ ಕುಳಿತರೆ ಕಾಫಿಯಾದರೂ ತೆಗೆದುಕೊಳ್ಳಬೇಕು. ಏನನ್ನೂ ಕೊಳ್ಳದೆ ಇಡೀ ದಿನ ಗೌರವದಿಂದ ಕುಳಿತಿರಬಹುದಾದ ಜಾಗ ನಮ್ಮ ಪಟ್ಟಣಗಳಲ್ಲಿ ಇನ್ನೆಲ್ಲಿದೆ? ಆದರೆ ಕುರ್ಚಿ ಮಾತ್ರ ಸಾಕು ಎಂದಾದರೆ ಪಕ್ಕದ ಕೋಣೆಯ ಕಪಾಟುಗಳನ್ನು ಮುಚ್ಚಿಬಿಟ್ಟರೂ ಯಾರೂ ಕೇಳುವುದಿಲ್ಲ. ಆ ಅಪಾಯ ದೂರವಿಲ್ಲ.

ಇನ್ನು ಫೋನಿನ ಮಾತು. ನಮ್ಮ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯವನ್ನೂ ಆರಂಭಿಸಿದೆ. ಅದು ಸ್ವಾಗತಾರ್ಹ. ಗ್ರಂಥಾಲಯ ಬೆಳೆಯುವ ಜೀವಿಯಾದರೆ ಅದು ತಾಳೆಗರಿಯಿಂದ ಕಾಗದಕ್ಕೆ, ಕಾಗದದಿಂದ ಪರದೆಗೆ ಬೆಳೆಯಲೇಬೇಕು. ಆದರೆ ಒಂದು ವ್ಯತ್ಯಾಸ ನೆನಪಿರಲಿ. ಫೋನು ನೀವು ಕೇಳಿದ್ದನ್ನು ಕೊಡುತ್ತದೆ, ನೀವು ನಿನ್ನೆ ನೋಡಿದ್ದನ್ನೇ ಹೋಲುವುದನ್ನು ಕೊಡುತ್ತದೆ. ಕಪಾಟಿನ ಸಾಲಿನಲ್ಲಿ ನಡೆದಾಡುವಾಗ ನೀವು ಕೇಳದೆ ಇದ್ದದ್ದು ಕೈಗೆ ಸಿಗುತ್ತದೆ. ಮರುಮುದ್ರಣವಾಗದ, ಯಾವ ಪರದೆಗೂ ಏರದ ನೂರಾರು ಕನ್ನಡ ಪುಸ್ತಕಗಳು ಇಂದಿಗೂ ಆ ಸಾಲುಗಳಲ್ಲಿ ಮಾತ್ರ ಬದುಕಿವೆ.

ಉರಿದದ್ದು, ಚಿಗುರಿದ್ದು

ಜನರಿಗೆ ಗ್ರಂಥಾಲಯದ ಮೇಲೆ ಪ್ರೀತಿ ಇಲ್ಲವೇ? ಖಂಡಿತ ಇದೆ. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಅಂಕೇಗೌಡರು ಸಂಬಳದ ಬಹುಪಾಲು ಹಣವನ್ನು ಸುರಿದು, ಲಕ್ಷಾಂತರ ಪುಸ್ತಕಗಳ ‘ಪುಸ್ತಕ ಮನೆ’ಯನ್ನು ಕಟ್ಟಿದ್ದಾರೆ. ಮೈಸೂರಿನಲ್ಲಿ ಓದಲು ಅವಕಾಶವೇ ಸಿಗದಿದ್ದ ಕೂಲಿ ಕಾರ್ಮಿಕರೊಬ್ಬರು, ಬೇರೆಯವರಾದರೂ ಓದಲಿ ಎಂದು ಕನ್ನಡ ಗ್ರಂಥಾಲಯವೊಂದನ್ನು ನಡೆಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾಗಿ ಸುಮಾರು 11,000 ಪುಸ್ತಕಗಳು ಬೂದಿಯಾದವು. ಸುದ್ದಿ ಹರಡಿದೊಡನೆ ನಾಡಿನ ಮೂಲೆಮೂಲೆಗಳಿಂದ ಜನ ಹಣವನ್ನೂ ಪುಸ್ತಕಗಳನ್ನೂ ಕಳಿಸಿದರು.

ಇಂಥವರಿಗೆ ನಾವು ತಲೆಬಾಗಲೇಬೇಕು. ಆದರೆ ಒಬ್ಬ ವ್ಯಕ್ತಿಯ ತ್ಯಾಗದ ಮೇಲೆ ಗ್ರಂಥಾಲಯ ನಿಲ್ಲಬಾರದೆಂದೇ ಅಲ್ಲವೇ ನಾವು ಕಾನೂನು ಮಾಡಿದ್ದು? ಕೂಲಿ ಮಾಡುವವರು ತಮ್ಮ ದುಡಿಮೆಯಿಂದ ಗ್ರಂಥಾಲಯ ನಡೆಸಬೇಕಾಗಿ ಬಂದದ್ದು ಅವರ ದೊಡ್ಡತನ, ನಮ್ಮೆಲ್ಲರ ಸೋಲು.

ಆಶಾದಾಯಕ ಸಂಗತಿಗಳೂ ಇವೆ. 2019ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ 5,600ಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ, ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ‘ಅರಿವು ಕೇಂದ್ರ’ ಎಂಬ ಹೊಸ ಹೆಸರು ಪಡೆದ ಈ ಗ್ರಂಥಾಲಯಗಳಲ್ಲಿ ಎಷ್ಟೋ ಕಡೆ ಗೋಡೆಗೆ ಬಣ್ಣ, ಮಕ್ಕಳ ಪುಸ್ತಕ, ಕಂಪ್ಯೂಟರು ಬಂದಿವೆ. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಬಣ್ಣ ಮಾಸಿದ ಮೇಲೂ ಪುಸ್ತಕ ಬರುತ್ತಿರಬೇಕು. ಅದು ನಿಜವಾದ ಪರೀಕ್ಷೆ.

ಮಿತ್ರರೇ, ಕೊನೆಯಲ್ಲಿ ನಿಮ್ಮಿಂದ ಆಗಬಹುದಾದ ಮೂರು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ. ಈ ತಿಂಗಳು ನಿಮ್ಮ ಊರಿನ ಗ್ರಂಥಾಲಯದ ಸದಸ್ಯರಾಗಿ. ನಿಮಗೆ ಬೇಕಾದ ಪುಸ್ತಕ ಅಲ್ಲಿ ಇಲ್ಲದಿದ್ದರೆ ಸುಮ್ಮನೆ ಹಿಂದಿರುಗಬೇಡಿ. ಅದರ ಹೆಸರನ್ನು ಬರೆದು ಕೊಡಿ. ಓದುಗರು ಕೇಳದ ಪುಸ್ತಕವನ್ನು ಯಾವ ಸಮಿತಿಯೂ ಊಹಿಸಿ ತರಿಸಲಾರದು. ಮೂರನೆಯದಾಗಿ, ಮನೆಯ ತೆರಿಗೆ ರಸೀದಿಯಲ್ಲಿ ಗ್ರಂಥಾಲಯ ಕರದ ಸಾಲನ್ನು ಹುಡುಕಿ, ಆ ಹಣ ನಮ್ಮೂರ ಗ್ರಂಥಾಲಯಕ್ಕೆ ತಲುಪಿತೇ ಎಂದು ವಾರ್ಡು ಸಭೆಯಲ್ಲಿ ಕೇಳುವಂತೆ ಹಿರಿಯರಿಗೆ ಹೇಳಿ. ಪೌರನೀತಿಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಯುವ ದಾರಿ ನನಗೆ ಗೊತ್ತಿಲ್ಲ.

ಆ ಹುಡುಗಿಗೆ ಅಂದು ನಾನು, “ಬಾಮ್ಮಾ, ಇದು ನಿಮ್ಮದೇ” ಎಂದೆ. ಅವಳು ಚಪ್ಪಲಿಯನ್ನು ಹೊರಗೆ ಬಿಟ್ಟು, ದೇವಸ್ಥಾನಕ್ಕೆ ಬಂದವಳಂತೆ ಒಳಗೆ ಬಂದಳು. ಸಾಲುಗಳ ನಡುವೆ ನಡೆದು, ಇತಿಹಾಸದ ಕಪಾಟಿನ ಮುಂದೆ ನಿಂತು ಒಂದು ಪುಸ್ತಕ ತೆಗೆದಳು. ಹಿಂದಿನ ಹಾಳೆಯಲ್ಲಿದ್ದ ದಿನಾಂಕದ ಚೀಟಿ ಪೂರ್ತಿ ಖಾಲಿಯಾಗಿತ್ತು. ಆ ಪುಸ್ತಕ ತನ್ನ ಮೊದಲ ಓದುಗಳಿಗಾಗಿ ಎಷ್ಟು ವರ್ಷದಿಂದ ಕಾದಿತ್ತೋ! ನಿಮ್ಮ ಊರಿನ ಗ್ರಂಥಾಲಯದಲ್ಲಿಯೂ ಒಂದು ಪುಸ್ತಕ ನಿಮಗಾಗಿ ಹಾಗೆಯೇ ಕಾದಿರಬಹುದು. ಹೋಗಿ, ನೋಡಿ.